ಹಿತ್ತಲ ಮಣ್ಣಿಗೂ ಒಂದು ಪಾಲು

(ಹುಲಸೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಮಿರಗದ ಮಳೆ ಹತ್ತಿರ ಬಂತು. ಹೊಲದಲ್ಲಿ ಏನು ಬಿತ್ತಬೇಕು ಎಂಬುದನ್ನು ಮನೆಯ ಗಂಡಸರು ಆಗಲೇ ತೀರ್ಮಾನ ಮಾಡಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಸೋಯಾ. ನಿಮ್ಮ ಮಾತು ನಡೆಯುವುದು ಹಿತ್ತಲಿನ ಒಂದು ಗುಂಟೆ, ಅರ್ಧ ಗುಂಟೆಯಲ್ಲಿ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಹೋದ ಸಭೆಯಲ್ಲಿ ಒಬ್ಬ ತಾಯಿ ಹೇಳಿದರು: "ಮೊದಲನೇ ವರ್ಷ ಬದನಿಕಾಯಿ, ಮೆಂತೆ ಛಲೋ ಬಂತ್ರೀ ಸಿಸ್ಟರ್. ಈಗ ಎಷ್ಟ್ ನೀರ್ ಹಾಕಿದ್ರೂ ಗಿಡ ಏಳವಲ್ದು." ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನಾವು ಕೈತೋಟಕ್ಕೆಂದು ಬೀಜ ಹಂಚಿದೆವು, ಫೋಟೋ ತೆಗೆದೆವು, ವರದಿಯನ್ನೂ ಬರೆದೆವು. ಮಣ್ಣಿಗೆ ಏನು ಕೊಟ್ಟಿರಿ ಎಂದು ಮಾತ್ರ ಕೇಳಲಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಮೊದಲು ಮನೆ ಮನೆಯಲ್ಲಿ ಎತ್ತು ಇದ್ದವು, ತಿಪ್ಪೆ ತುಂಬಿರುತ್ತಿತ್ತು. ಈಗ ಟ್ರಾಕ್ಟರ್ ಬಂದಿದೆ. ಇದ್ದ ಸಗಣಿ ಕುಳ್ಳಿಗೆ ಹೋಗುತ್ತದೆ, ಉಳಿದದ್ದು ಹೊಲಕ್ಕೆ. ಹಿತ್ತಲಿಗೆ ಬರುವುದು ಮುಸುರೆ ನೀರು ಅಷ್ಟೇ.

ಗೊಬ್ಬರ ಇಲ್ಲದಿದ್ದರೆ ಗೊಬ್ಬರವನ್ನೇ ಬೆಳೆಯಬಹುದು. ಸೆಣಬು, ಅಲಸಂದಿ, ಹುರುಳಿ, ಹೆಸರು ಇವುಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆ. ಯೂರಿಯಾ ಚೀಲದಲ್ಲಿ ರೊಕ್ಕ ಕೊಟ್ಟು ತರುವುದೂ ಅದನ್ನೇ. ತಿಂಗಳ ಗಿಡವೊಂದನ್ನು ಮೆಲ್ಲಗೆ ಕಿತ್ತು, ಗಂಟನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆದಿದೆ ಎಂದರ್ಥ. ಜೊತೆಗೆ ದಟ್ಟ ಎಲೆ ನೆಲವನ್ನು ಮುಚ್ಚುತ್ತದೆ. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಕಳೆಯೂ ಕಡಿಮೆ. ಮಳೆಗಾಲದಲ್ಲೇ ಬೆಳೆಯುವುದರಿಂದ ಕೊಡದ ನೀರು ಬೇಕಿಲ್ಲ. 2016ರಲ್ಲಿ ನಮ್ಮ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದದ್ದನ್ನು ಕಂಡ ನಮಗೆ ಇದೇನು ಸಣ್ಣ ಮಾತಲ್ಲ.

ಸೆಣಬಿನ ಬೀಜ ಗುಂಟೆಗೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಸಾಕು. ನಲವತ್ತು, ನಲವತ್ತೈದು ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಕೊಯ್ದು ಕತ್ತರಿಸಿ ಮಣ್ಣಿಗೆ ಸೇರಿಸಬೇಕು. ಎರಿ ಮಣ್ಣಾದರೆ ಹದ ನೋಡಿ. ಹಸಿಯಲ್ಲಿ ಅಗೆದರೆ ಹೆಂಟೆ ಕಟ್ಟುತ್ತದೆ. ಆಮೇಲೆ ಎರಡು ಮೂರು ವಾರ ಬಿಟ್ಟು ಕಾಯಿಪಲ್ಯ ಹಾಕಿ.

ಈ ಕಾಯುವ ಮಾತನ್ನು ನಾವು ಪೆಟ್ಟು ತಿಂದು ಕಲಿತೆವು. ಮೊದಲ ಸಲ ನಮ್ಮ ಕಾನ್ವೆಂಟಿನ ತೋಟದಲ್ಲಿ ಸೆಣಬು ಹಾಕಿದಾಗ ಹಳದಿ ಹೂ ಎಷ್ಟು ಚೆಂದ ಬಂತೆಂದರೆ, ಕೊಯ್ಯಲು ಮನಸ್ಸೇ ಬರಲಿಲ್ಲ. ಪೀಠದ ಹೂದಾನಿಗೂ ಇಟ್ಟೆವು. ಅಷ್ಟರಲ್ಲಿ ದಂಟು ಬಲಿತು ನಾರಾಯಿತು. ಅದನ್ನು ಹೂತು ಎಂಟೇ ದಿನಕ್ಕೆ ಮೆಂತೆ ಬಿತ್ತಿದೆವು, ಹಳದಿಯಾಗಿ ಕೂತುಬಿಟ್ಟಿತು. ಬಲಿತ ದಂಟು ಕೊಳೆಯುವಾಗ ಮಣ್ಣಿನಲ್ಲಿದ್ದ ಸಾರಜನಕವನ್ನೂ ಸ್ವಲ್ಪ ಕಾಲ ತಾನೇ ಹಿಡಿದಿಟ್ಟುಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. "ಹೊಟ್ಟಿಗಿಲ್ಲದ ಬೆಳಿ ಯಾಕ ಬೆಳೀಬೇಕ್ರೀ? ಎರಡು ತಿಂಗಳು ಪಲ್ಯಕ್ಕ ಏನ್ ಮಾಡಬೇಕು?" ಈ ಪ್ರಶ್ನೆ ನ್ಯಾಯವಾದದ್ದು. ಕೂಲಿ ಮಾಡಿ ತರುವ ಮನೆಯಲ್ಲಿ ಹಿತ್ತಲಿನ ಸೊಪ್ಪೇ ಮಕ್ಕಳ ಕಬ್ಬಿಣಾಂಶ. ಆದ್ದರಿಂದ ಇಡೀ ಹಿತ್ತಲು ಬಿಡಿ ಎಂದು ನಾವು ಹೇಳುವುದಿಲ್ಲ. ನಾಲ್ಕು ಪಾಲು ಮಾಡಿ, ಈ ಮಳೆಗೆ ಒಂದು ಪಾಲು ಬಿಡಿ, ಮುಂದಿನ ಮಳೆಗೆ ಇನ್ನೊಂದು. ಅದೂ ಕಷ್ಟವಾದರೆ ಅಲಸಂದಿ ಹಾಕಿ. ಎಳೆ ಎಲೆ, ಎಳೆ ಕಾಯಿ ಮನೆಗೆ. ಬಳ್ಳಿ, ಬೇರು ಮಣ್ಣಿಗೆ. ಕಾಯಿ ಕಿತ್ತಷ್ಟೂ ಮಣ್ಣಿನ ಪಾಲು ಕಡಿಮೆಯಾಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಎಳ್ಳಮಾಸಿಗೆ ಭಜ್ಜಿ ಮಾಡುತ್ತೇವಲ್ಲ, ಅದಕ್ಕೆ ಬೀಳುವ ಹಸಿ ತೊಗರಿ, ಕಡಲಿ, ಅವರಿ ಎಲ್ಲ ಒಂದೇ ಹೊಲದಲ್ಲಿ ಸಿಗುತ್ತಿದ್ದ ಕಾಲ ಅಜ್ಜಿಯರಿಗೆ ನೆನಪಿದೆ. ಅವೆಲ್ಲ ಬೇರಿನಲ್ಲಿ ಗಂಟು ಕಟ್ಟುವ ಬೆಳೆಗಳೇ. ಈಗ ಭಜ್ಜಿ ಸಾಮಾನೂ ಸಂತೆಯಿಂದ ಬರುತ್ತಿದೆ.

ಬೈಬಲಿನ ವಿಮೋಚನಕಾಂಡದಲ್ಲಿ ಏಳನೇ ವರ್ಷ ಭೂಮಿಗೆ ಬಿಡುವು ಕೊಡಬೇಕೆಂಬ ಕಟ್ಟಳೆ ಇದೆ. ಆ ವರ್ಷ ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ ಎಂಬ ಕಾರಣವೂ ಅಲ್ಲೇ ಇದೆ. ಭೂಮಿಗೆ ಬಿಡುವು ಕೊಟ್ಟ ಭಾರ ಬಡವರ ಹೊಟ್ಟೆಯ ಮೇಲೆ ಬೀಳಬಾರದು. ಆದ್ದರಿಂದ ಸಂಘದ ಮುಂದೆ ಒಂದು ಮಾತು ಇಡುತ್ತೇವೆ. ಯಾರ ಹಿತ್ತಲಿನಲ್ಲಿ ಸೆಣಬು ಇದೆಯೋ ಅವರಿಗೆ ಆ ಎರಡು ತಿಂಗಳು ಉಳಿದವರು ವಾರಕ್ಕೆರಡು ಸಲ ಸೊಪ್ಪು ಕೊಡಲಿ. ಮುಂದಿನ ಮಳೆಗೆ ಸರದಿ ಬದಲಾಗಲಿ. ಮೇಕೆ, ಕೋಳಿ ನುಗ್ಗದಂತೆ ಮುಳ್ಳುಬೇಲಿ ಕಟ್ಟಲು ಮನೆಯ ಗಂಡಸರನ್ನು ಕರೆಯಿರಿ, ಅಷ್ಟಾದರೂ ಮಾಡಲಿ.

ಬೀಜವನ್ನು ಸಂಘದ ಲೆಕ್ಕದಲ್ಲಿ ಒಟ್ಟಿಗೆ ತರೋಣ. ಈ ಮಳೆಗೆ ಯಾರು ಮೊದಲು ಎಂಬುದನ್ನು ಇವತ್ತೇ ಠರಾವು ಪುಸ್ತಕದಲ್ಲಿ ಬರೆದುಕೊಂಡೇ ಏಳೋಣ.