ಭೂಪಟ ತೋರಿಸದ ಹತ್ತಿರದ ಹಾದಿ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋ ಯಾವ ದಿಕ್ಕಿಗಿದೆ? ಶಾಲೆಯ ಗೋಡೆಯ ಭೂಪಟ ನೋಡಿ ಬೆಳೆದವರು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಆದರೆ 2021ರ ಜನವರಿ 9ರಂದು ಅಲ್ಲಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಮುಖ ಮಾಡಿದ್ದು ಉತ್ತರಕ್ಕೆ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವ ಪ್ರದೇಶವನ್ನು ಹಾದು ಬಂತು. ಇದು ಬರಿಯ ಸಾಹಸವಲ್ಲ. ಹತ್ತಿರದ ದಾರಿಯೇ ಅದು.

ಭೂಮಿ ಗುಂಡಗಿದೆ, ಭೂಪಟ ಚಪ್ಪಟೆಯಾಗಿದೆ. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರಚಿಸಿದ ನಕ್ಷೆಯಲ್ಲಿ ಸರಳರೇಖೆಯು ದಿಕ್ಸೂಚಿಯ ಒಂದೇ ದಿಕ್ಕನ್ನು ತೋರಿಸುತ್ತದೆ, ಕನಿಷ್ಠ ದೂರವನ್ನಲ್ಲ. ಕನಿಷ್ಠ ದೂರ ಬೇಕಿದ್ದರೆ ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಬೇಕು. ಗಣಿತದಲ್ಲಿ ಅದಕ್ಕೆ ಮಹಾವೃತ್ತದ ಹಾದಿ ಎಂದು ಹೆಸರು.

ಲೆಕ್ಕ ಕಷ್ಟದ್ದೇನಲ್ಲ. ಮಹಾವೃತ್ತದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಸ್ಯಾನ್‌ಫ್ರಾನ್ಸಿಸ್ಕೋ 38ರ ಆಸುಪಾಸಿನಲ್ಲಿದೆ. ಧ್ರುವದಿಂದ ಅದಕ್ಕೆ 52. ಒಟ್ಟು 129 ಡಿಗ್ರಿ, ಅಂದರೆ ಸುಮಾರು 14,300 ಕಿಲೋಮೀಟರ್. ಎರಡು ಊರುಗಳೂ ಧ್ರುವದ ಆಚೀಚೆ ನೇರ ಎದುರುಬದುರಾಗಿ ಇಲ್ಲದ್ದರಿಂದ ದಾರ ತುಸು ಪಕ್ಕಕ್ಕೆ ಸರಿಯುತ್ತದೆ. ದೂರ ಸುಮಾರು 14,000ಕ್ಕೆ ಇಳಿಯುತ್ತದೆ. ಆ ನಿಖರ ಲೆಕ್ಕಕ್ಕೆ ಬೇಕಾದ ‘ಸೈನ್’ ಎಂಬುದು ಆರ್ಯಭಟ ಬಳಸಿದ ‘ಜ್ಯಾ’ದ ವಂಶದ್ದೇ. ಅರಬ್ಬರ ಮೂಲಕ ಯೂರೋಪಿಗೆ ಹೋಗುವಾಗ ಅದರ ಹೆಸರು ಬದಲಾಯಿತು.

ಇನ್ನು ಸಮಯದ ಮಾತು. ಗಂಟೆಗೆ 900 ಕಿಲೋಮೀಟರ್ ವೇಗವಾದರೆ ಹದಿನೈದೂವರೆ ಗಂಟೆ ಸಾಕು. ಆ ಮೊದಲ ವಿಮಾನದ ವೇಳಾಪಟ್ಟಿಯಂತೆ 9ರ ರಾತ್ರಿ 8.30ಕ್ಕೆ ನಿರ್ಗಮನ, 11ರ ನಸುಕಿನ 3.45ಕ್ಕೆ ಆಗಮನ. ಗಡಿಯಾರದ ಪ್ರಕಾರ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಅದನ್ನು ಕಳೆದರೆ ಪ್ರಯಾಣ 17 ಗಂಟೆ 45 ನಿಮಿಷ. ಮೇಲೇರುವ, ಇಳಿಯುವ, ರನ್‌ವೇಗೆ ಸಾಗುವ ಹೊತ್ತು, ಎದುರುಗಾಳಿ, ವಿಮಾನಮಾರ್ಗದ ಸುತ್ತು ಎಲ್ಲವೂ ಉಳಿದ ಗಂಟೆಗಳಲ್ಲಿ ಸೇರಿವೆ.

ಆದರೆ ದಾರ ಎಳೆದಲ್ಲೆಲ್ಲ ದಾರಿ ಇರಲೇಬೇಕೆಂದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ಬಳಿಕ ಅಮೆರಿಕ ಮತ್ತು ಯೂರೋಪಿನ ಬಹುತೇಕ ದೇಶಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ದೋಷದಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನಕ್ಕಾಗಿ ದಿನಕ್ಕೂ ಹೆಚ್ಚು ಕಾಲ ಕಾದರು. ಆದ್ದರಿಂದಲೇ ಎರಡು ಎಂಜಿನ್ನಿನ ವಿಮಾನದ ಹಾದಿ ಗೊತ್ತುಮಾಡುವವರು, ಒಂದು ಎಂಜಿನ್ ಕೆಟ್ಟರೂ ನಿಗದಿತ ಅವಧಿಯೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇದೆಯೇ ಎಂದು ಮೊದಲು ನೋಡುತ್ತಾರೆ. ಹತ್ತಿರದ ದಾರಿಯನ್ನು ಗಣಿತ ಹೇಳುತ್ತದೆ. ಹೋಗಬಹುದಾದ ದಾರಿಯನ್ನು ಗಾಳಿ, ಎಂಜಿನ್ ಮತ್ತು ರಾಜಕೀಯ ಸೇರಿ ತೀರ್ಮಾನಿಸುತ್ತವೆ.