ಸಣ್ಣ ಪದಗಳ ದೊಡ್ಡ ಕೆಲಸ

ಇಂಗ್ಲಿಷಿನ ಫ್ರೇಸಲ್ ವರ್ಬ್ ಕುರಿತು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ



ಇಂಗ್ಲಿಷ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ವ್ಯಾಕರಣಕ್ಕೆ ಬರುವ ಮೊದಲು ಒಂದು ಘಟನೆ ಹೇಳುತ್ತೇನೆ. ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಯ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದ. ಮುಂದೆ ಡಿಪ್ಲೊಮಾ ಓದಿ ಒಳ್ಳೆಯ ಅಂಕಗಳಲ್ಲಿ ಪಾಸಾದ. ಪುಣೆಯ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಹೊರಡುವ ಹಿಂದಿನ ದಿನ ಫೋನಿಗೆ ಒಂದು ಸಂದೇಶ ಬಂತು: "ದಿ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್. ಪ್ಲೀಸ್ ಲುಕ್ ಔಟ್ ಫಾರ್ ಅವರ್ ಇಮೇಲ್."

ಹುಡುಗ ನನಗೆ ಫೋನ್ ಮಾಡಿ, "ಸರ್, ಇಂಟರ್‌ವ್ಯೂ ಬಂದ್ ಆಗೇತ್ರಿ" ಎಂದ. ನಾನೂ ಸಂದೇಶವನ್ನು ಓದಿಸಿ ಕೇಳಲಿಲ್ಲ. ಎರಡು ವಾರದ ನಂತರ ಬೇರೆ ಕೆಲಸಕ್ಕೆಂದು ಇಮೇಲ್ ತೆರೆದಾಗ ನೋಡುತ್ತಾನೆ, ಹೊಸ ದಿನಾಂಕ ಬಂದಿತ್ತು, ಆ ದಿನಾಂಕ ಮುಗಿದೂ ಹೋಗಿತ್ತು.

ಅವನ ತರ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಮನೆಯಲ್ಲಿ ಫ್ಯಾನ್ ಆಫ್ ಎಂದರೆ ಬಂದ್. ಹೊಲದಲ್ಲಿ ಪಂಪ್‌ಸೆಟ್ ಆಫ್ ಎಂದರೆ ಬಂದ್. ಹಾಗಾಗಿ ಸಂದರ್ಶನ 'ಪುಟ್ ಆಫ್' ಎಂದರೂ ಬಂದ್! ಆದರೆ 'ಪುಟ್ ಆಫ್' ಎಂದರೆ ಮುಂದೂಡುವುದು. ರದ್ದು ಮಾಡುವುದಕ್ಕೆ 'ಕಾಲ್ ಆಫ್' ಎನ್ನುತ್ತಾರೆ. 'ಲುಕ್ ಔಟ್ ಫಾರ್' ಎಂದರೆ ಬರುವುದರ ಮೇಲೆ ಕಣ್ಣಿಟ್ಟಿರುವುದು. ನಾನು ತರಗತಿಯಲ್ಲಿ 'ಪೋಸ್ಟ್‌ಪೋನ್' ಎಂಬ ದೊಡ್ಡ ಪದ ಕಲಿಸಿದ್ದೆ, 'ಪುಟ್ ಆಫ್' ಕಲಿಸಿರಲಿಲ್ಲ. ತಪ್ಪು ನನ್ನದು. ಆ ಕಾರಣಕ್ಕೇ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಒಂದು ಕ್ರಿಯಾಪದದ ಜೊತೆ ಅಪ್, ಡೌನ್, ಇನ್, ಔಟ್, ಆನ್, ಆಫ್‌ನಂಥ ಸಣ್ಣ ಪದ ಸೇರಿ ಹೊಸ ಅರ್ಥ ಹುಟ್ಟಿದರೆ ಅದೇ ಫ್ರೇಸಲ್ ವರ್ಬ್. 'ಗಿವ್' ಎಂದರೆ ಕೊಡು, 'ಗಿವ್ ಅಪ್' ಎಂದರೆ ಬಿಟ್ಟುಬಿಡು. 'ಟರ್ನ್' ಎಂದರೆ ತಿರುಗು, 'ಟರ್ನ್ ಅಪ್' ಎಂದರೆ ಹಾಜರಾಗು, 'ಟರ್ನ್ ಡೌನ್' ಎಂದರೆ ನಿರಾಕರಿಸು. ಇದು ನಮಗೆ ಮಾತ್ರ ಕಷ್ಟವೆಂದು ತಿಳಿಯಬೇಡಿ. 1755ರಲ್ಲಿ ಇಂಗ್ಲಿಷ್ ನಿಘಂಟು ಪ್ರಕಟಿಸಿದ ಸ್ಯಾಮುಯೆಲ್ ಜಾನ್ಸನ್, ಪರಭಾಷಿಕರಿಗೆ ಬಹಳ ತೊಡಕಾಗುವುದು ಈ ಜೋಡುಪದಗಳೇ ಎಂದು ಮುನ್ನುಡಿಯಲ್ಲಿ ಹೇಳಿದ್ದಾನೆ.

ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಎರಡು ಬಗೆಯ ಪದಗಳು ಏಕಿವೆ? 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ಒಕ್ಕಲಿಗರ ಮನೆಯಲ್ಲಿ ಹಳೆಯ ಇಂಗ್ಲಿಷೇ ಉಳಿಯಿತು. ಫ್ರೆಂಚ್, ಲ್ಯಾಟಿನ್ ಮೂಲದ ಕಂಟಿನ್ಯೂ, ಎಕ್ಸ್‌ಟಿಂಗ್ವಿಶ್, ಟಾಲರೇಟ್ ಮುಂತಾದವು ಕಾಗದದ ಪದಗಳಾದವು. ಗೋ ಆನ್, ಪುಟ್ ಔಟ್, ಪುಟ್ ಅಪ್ ವಿತ್ ಮಾತಿನ ಪದಗಳಾದವು. ನಾವು ಕಾಗದದ ಪದ ಕಲಿತು ಪರೀಕ್ಷೆ ಪಾಸಾಗುತ್ತೇವೆ, ಮಾತಿನ ಪದ ಎದುರಾದಾಗ ತಬ್ಬಿಬ್ಬಾಗುತ್ತೇವೆ.

ಮಿತ್ರರೆ, ಈ ವಿದ್ಯೆ ನಿಮಗೆ ಹೊಸದಲ್ಲ. "ಈ ವರ್ಷ ಮಳೆ ಕೈಕೊಟ್ಟಿತು" ಎನ್ನುತ್ತೇವೆ. ಹೊರಗಿನವನೊಬ್ಬ ಇದನ್ನು ಕೇಳಿ, ಮಳೆ ಬಂದು ಕೈಕುಲುಕಿತು ಎಂದುಕೊಂಡರೆ? ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು, ಎಲ್ಲದರಲ್ಲೂ ಕೈ ಒಂದೇ, ಅರ್ಥ ನಾಲ್ಕು. ಹೇಳಿಕೊಡು ಎಂದರೆ ಕಲಿಸು, ಹೇಳಿಕೊಳ್ಳು ಎಂದರೆ ತನ್ನ ಮಾತು ಇನ್ನೊಬ್ಬರ ಮುಂದಿಡು. ಮನೆಯಲ್ಲಿ ದಖನಿ ಆಡುವ ಮಕ್ಕಳು 'ಛೋಡ್ ದೇ' ಎನ್ನುತ್ತೀರಿ. ಅಲ್ಲಿ ಯಾರಿಗೆ ಏನು ಕೊಡುತ್ತೀರಿ? ಏನೂ ಇಲ್ಲ. ವಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಹಾ 'ಕಿತಾಬ್-ಎ-ನವರಸ್' ರಚಿಸಿದ್ದು ಇದೇ ದಖನಿಯಲ್ಲಿ. ಅದು ಕೀಳು ಭಾಷೆಯಲ್ಲ, ಕಲಿಕೆಗೆ ಅಡ್ಡಿಯೂ ಅಲ್ಲ.

ಕನ್ನಡದ ಮೇಷ್ಟ್ರು ಉಪಸರ್ಗ ಕಲಿಸಿದ್ದು ನೆನಪಿದೆಯೆ? ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಮೂಲ ಒಂದೇ, ಮುಂದೆ ಅಂಟಿದ ಅಕ್ಷರ ಅರ್ಥವನ್ನೇ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಆ ತುಣುಕು ಹಿಂದೆ ಬರುತ್ತದೆ, ಅಷ್ಟೇ.

ಇನ್ನು ಬಳಕೆಗೆ ಬರೋಣ. ನಮ್ಮ ಊರಿನ ವಾಕ್ಯಗಳನ್ನೇ ನೋಡಿ.

"ಮೈ ಫಾದರ್ ಲುಕ್ಸ್ ಆಫ್ಟರ್ ದಿ ಲೈಮ್ ಟ್ರೀಸ್ ಇನ್ ಇಂಡಿ." ಅಪ್ಪ ಇಂಡಿಯಲ್ಲಿ ನಿಂಬೆ ಗಿಡಗಳನ್ನು ನೋಡಿಕೊಳ್ಳುತ್ತಾರೆ.

"ದಿ ಬಸ್ ಬ್ರೋಕ್ ಡೌನ್ ನಿಯರ್ ಸಿಂದಗಿ." ಸಿಂದಗಿ ಹತ್ತಿರ ಬಸ್ಸು ಕೆಟ್ಟು ನಿಂತಿತು.

"ವಿ ಸೆಟ್ ಔಟ್ ಫ್ರಮ್ ಮುದ್ದೇಬಿಹಾಳ ಅಟ್ ಸಿಕ್ಸ್." ಆರು ಗಂಟೆಗೆ ಮುದ್ದೇಬಿಹಾಳ ಬಿಟ್ಟೆವು.

"ಶಿ ಗ್ರ್ಯೂ ಅಪ್ ಇನ್ ಬಸವನ ಬಾಗೇವಾಡಿ." ಆಕೆ ಬೆಳೆದು ದೊಡ್ಡವಳಾದದ್ದು ಬಸವನ ಬಾಗೇವಾಡಿಯಲ್ಲಿ.

"ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್." ಮನೆಯಲ್ಲಿ ಗ್ಯಾಸ್ ತೀರಿದೆ.

ಇವುಗಳ ಜೊತೆ ನಾಲ್ಕು ಎಚ್ಚರಿಕೆಗಳನ್ನು ಬರೆದುಕೊಳ್ಳಿ.

ಒಂದು, ಸರ್ವನಾಮದ ಜಾಗ. 'ಫಿಲ್ ಇನ್ ದಿ ಫಾರ್ಮ್' ಸರಿ, 'ಫಿಲ್ ದಿ ಫಾರ್ಮ್ ಇನ್' ಕೂಡ ಸರಿ. ಆದರೆ ಫಾರ್ಮ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಫಿಲ್ ಇಟ್ ಇನ್'. ಎಲ್ಲವೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. 'ಲುಕ್ ಆಫ್ಟರ್ ಹರ್' ಎನ್ನಬೇಕು, 'ಲುಕ್ ಹರ್ ಆಫ್ಟರ್' ಎಂಬುದಿಲ್ಲ.

ಎರಡು, 'ಲುಕ್ ಫಾರ್ವರ್ಡ್ ಟು' ಆದ ಮೇಲೆ ಕ್ರಿಯಾಪದಕ್ಕೆ 'ಇಂಗ್' ಹಚ್ಚಬೇಕು. ಅರ್ಜಿಯ ಕೊನೆಗೆ 'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ' ಎಂದು ಬರೆಯಿರಿ, 'ಟು ಹಿಯರ್' ಅಲ್ಲ.

ಮೂರು, ನಮ್ಮಲ್ಲಿ ರೂಢಿಯಾದ ಕೆಲವು ಮಾತುಗಳು. 'ಕೋಪ್ ಅಪ್ ವಿತ್' ಎನ್ನುತ್ತೇವೆ, ಸರಿಯಾದದ್ದು 'ಕೋಪ್ ವಿತ್'. ಕಾಲೇಜು ಮುಗಿಸಿದ್ದಕ್ಕೆ 'ಪಾಸ್ಡ್ ಔಟ್' ಎನ್ನುತ್ತೇವೆ. ನಮ್ಮ ದೇಶದಲ್ಲಿ ನಡೆಯುತ್ತದೆ, ಹೊರದೇಶದವರು ಮೂರ್ಛೆ ಹೋದಿರೆಂದು ತಿಳಿದಾರು.

ನಾಲ್ಕು, ಶಬ್ದಕ್ಕೆ ಶಬ್ದ ಇಟ್ಟು ಅನುವಾದ ಮಾಡಬೇಡಿ. ಸಭೆಯನ್ನು ಮುಂದಕ್ಕೆ ಹಾಕಿದರು ಎಂದರೆ ನಮಗೆ ಅದು ತಡವಾಗಿ ನಡೆಯುತ್ತದೆ. ಆದರೆ ಇಂಗ್ಲಿಷಿನಲ್ಲಿ 'ದಿ ಎಕ್ಸಾಮ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್' ಎಂದರೆ ಪರೀಕ್ಷೆ ಮೊದಲೇ ನಡೆಯುತ್ತದೆ! ನಾವು ಪ್ರಿಪೋನ್ ಎನ್ನುತ್ತೇವಲ್ಲ, ಅದೇ ಅರ್ಥ. ಇದನ್ನು ಕನ್ನಡದ ಕಣ್ಣಿನಿಂದ ಓದಿದವರು ಓದಲು ಇನ್ನೂ ಸಮಯವಿದೆ ಎಂದು ಮನೆಯಲ್ಲಿ ಕುಳಿತಿರುತ್ತಾರೆ.

ಕಲಿಯುವುದು ಹೇಗೆ? ನೂರು ಜೋಡುಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆಯುತ್ತವೆ. ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದೇ ಒಂದು ಜೋಡಿ ಬರೆಯಿರಿ. ಅದರ ಕೆಳಗೆ ನಿಮ್ಮ ಮನೆ, ಹೊಲ, ಅಂಗಡಿ, ಬಸ್‌ಸ್ಟ್ಯಾಂಡಿಗೆ ಸಂಬಂಧಿಸಿದ ಸ್ವಂತ ವಾಕ್ಯ ಬರೆಯಿರಿ. ನಿಘಂಟಿನ ವಾಕ್ಯ ನಕಲು ಮಾಡಬೇಡಿ. ಸಂಜೆ ಅದನ್ನು ತಮ್ಮನಿಗೋ ತಂಗಿಗೋ ಹೇಳಿಕೊಡಿ. ವರ್ಷಕ್ಕೆ 365 ಆಗುತ್ತವೆ. ನಿತ್ಯದ ಮಾತಿಗೆ ಅದು ದೊಡ್ಡ ಬಂಡವಾಳ.

ಕೊನೆಯ ಮಾತು. ಆ ಹುಡುಗನಿಗೆ ಮುಂದೆ ಬೇರೆ ಕಡೆ ಕೆಲಸ ಸಿಕ್ಕಿತು, ಆದರೆ ಒಂದು ವರ್ಷ ಹೋಯಿತು. ಅವನಿಗೆ ಗೊತ್ತಿರದಿದ್ದದ್ದು ಎರಡು ಸಣ್ಣ ಪದ. ಅದಕ್ಕಿಂತ ಹೆಚ್ಚು ನಷ್ಟ ಮಾಡಿದ್ದು, ಮರಳಿ ಕೇಳಲು ಅವನಿಗಿದ್ದ ಸಂಕೋಚ. "ಕಂಪನಿಗೆ ಫೋನ್ ಹಚ್ಚಿ ಕೇಳಿದ್ರ, ಇವಗ ಇಂಗ್ಲಿಷ್ ಬರೂದಿಲ್ಲ ಅಂತಾರ ಅಂತ ಸುಮ್ಮನಾದ್ನಿರಿ" ಎಂದು ಆಮೇಲೆ ಹೇಳಿದ. ಗೊತ್ತಿಲ್ಲದ್ದನ್ನು ಕೇಳುವುದು ಅವಮಾನವಲ್ಲ. ಅರ್ಥವಾಗದ ಸಂದೇಶ ಬಂದರೆ ಅದೇ ದಿನ ಕೇಳಿ. ಶಿಕ್ಷಕರನ್ನು ಕೇಳಿ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, ಸಂದೇಶ ಕಳಿಸಿದವರನ್ನೇ ಕೇಳಿ. ಶಿಕ್ಷಕ ಬಂಧುಗಳೆ, ಮಕ್ಕಳು ಕೇಳಿದಾಗ ನಾವೂ ಪೂರ್ತಿ ಓದಿಸಿ ಕೇಳೋಣ.