ಬಾಗಿಲು ಮುಚ್ಚಿದರೆ ಸಾಲದು, ಅಂಗಡಿಯೂ ಗಟ್ಟಿಯಾಗಬೇಕು

(ಉಡುಪಿಯಲ್ಲಿ ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

 



ಕೆಲವು ದಿನಗಳ ಹಿಂದೆ ಕಾರ್ಕಳದಲ್ಲಿ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ತಾಯಿಯೊಬ್ಬರು ಮಾತಿಗೆ ಸಿಕ್ಕಿದರು. ವಾರದಲ್ಲಿ ಎರಡು ದಿನ ಕೆಲಸ ಇರುವುದಿಲ್ಲ ಎಂದು ಹೇಳುತ್ತಾ ನನ್ನನ್ನು ಕೇಳಿದರು: "ವಿಯೆಟ್ನಾಮಿನಿಂದಾಗಿ ಕೆಲಸ ಕಡಿಮೆ ಅಂತ ಧಣಿಗಳು ಹೇಳ್ತಾರೆ. ಆ ವಿಯೆಟ್ನಾಂ ಎಲ್ಲಿ ಉಂಟು?" ಭೂಪಟದಲ್ಲಿ ತೋರಿಸುವುದು ಸುಲಭ. ಆದರೆ ತಾನು ಎಂದೂ ಕಾಣದ ದೇಶವೊಂದು ತನ್ನ ಮನೆಯ ಒಲೆಯ ವರೆಗೆ ಹೇಗೆ ಬಂತು ಎಂಬುದೇ ಆ ತಾಯಿಯ ನಿಜವಾದ ಪ್ರಶ್ನೆಯಾಗಿತ್ತು. ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

2012ರ ನವೆಂಬರಿನಲ್ಲಿ ಹದಿನಾರು ದೇಶಗಳು ಒಂದು ದೊಡ್ಡ ವ್ಯಾಪಾರ ಒಕ್ಕೂಟದ ಮಾತುಕತೆ ಆರಂಭಿಸಿದವು. ಆಸಿಯಾನ್‌ನ ಹತ್ತು ದೇಶಗಳು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ. ಪತ್ರಿಕೆಗಳಲ್ಲಿ ಆರ್‌ಸಿಇಪಿ ಎಂದು ನೀವು ಓದಿದ್ದು ಇದನ್ನೇ. ಏಳು ವರ್ಷ ಮಾತುಕತೆಯ ಮೇಜಿನಲ್ಲಿದ್ದ ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಎದ್ದು ಹೊರಬಂತು. ಉಳಿದ ಹದಿನೈದು ದೇಶಗಳು 2020ರ ನವೆಂಬರಿನಲ್ಲಿ ಸಹಿ ಹಾಕಿದವು. 2022ರ ಜನವರಿ 1ರಂದು ಒಪ್ಪಂದ ಜಾರಿಗೆ ಬಂತು. ಹೊರಬರುವಾಗ ಪ್ರಧಾನಿಗಳು ಗಾಂಧೀಜಿಯವರನ್ನೂ ತಮ್ಮ ಆತ್ಮಸಾಕ್ಷಿಯನ್ನೂ ನೆನೆದರು. ಎಡಪಕ್ಷಗಳು, ಕಾಂಗ್ರೆಸ್, ರೈತ ಸಂಘಟನೆಗಳು, ಸಂಘ ಪರಿವಾರದ ಸ್ವದೇಶಿ ಗುಂಪು ಎಲ್ಲರೂ ಈ ಒಪ್ಪಂದವನ್ನು ವಿರೋಧಿಸುತ್ತಿದ್ದರು. ಇಷ್ಟೊಂದು ವಿಭಿನ್ನ ದನಿಗಳು ಒಂದಾಗುವುದು ನಮ್ಮ ದೇಶದಲ್ಲಿ ಅಪರೂಪ.

ಆ ನಿರ್ಧಾರದಿಂದ ಸಣ್ಣವರಿಗೆ ಆದದ್ದೇನು? ಒಳಿತನ್ನು ಮೊದಲು ಹೇಳಬೇಕು, ಅದು ನ್ಯಾಯ. ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲನ್ನು ಪುಡಿಯಾಗಿ, ಬೆಣ್ಣೆಯಾಗಿ, ಚೀಸ್ ಆಗಿ ಹೊರದೇಶಗಳಿಗೆ ಮಾರುವ ನಾಡು. ಆ ಪುಡಿ ಸುಂಕವಿಲ್ಲದೆ ಇಲ್ಲಿಗೆ ಬಂದಿದ್ದರೆ ಹಾಲಿನ ದರ ಕುಸಿಯುತ್ತಿತ್ತು. ಬೆಳಗ್ಗೆ ಸೊಸೈಟಿಗೆ ಹಾಲು ಅಳೆದು ಅದರಲ್ಲಿ ಮಕ್ಕಳ ಶಾಲೆಯ ಖರ್ಚು ನಿಭಾಯಿಸುವ ನಮ್ಮ ಜಿಲ್ಲೆಯ ಸಾವಿರಾರು ಮಹಿಳೆಯರು ಏಟು ತಿನ್ನುತ್ತಿದ್ದರು. ಆ ಏಟು ತಪ್ಪಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಕ್ಕೂಟ ಬೇಡವೆನ್ನಲು ಕೊಟ್ಟ ಮುಖ್ಯ ಕಾರಣ ಚೀನಾದ ಸರಕಿನ ಭಯ. 2018-19ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 5,300 ಕೋಟಿ ಡಾಲರ್ ಇತ್ತು. ನಾವು ಒಕ್ಕೂಟ ಸೇರಲಿಲ್ಲ. 2024-25ರಲ್ಲಿ ಅದೇ ಕೊರತೆ 9,900 ಕೋಟಿ ಡಾಲರ್ ದಾಟಿತು. ಮಣಿಪಾಲದ ವಿದ್ಯಾರ್ಥಿಗಳು ಕೊಳ್ಳುವ ಚಾರ್ಜರು, ಇಯರ್‌ಫೋನುಗಳನ್ನು ತಿರುಗಿಸಿ ನೋಡಿದರೆ ಎಷ್ಟೋ ವಸ್ತುಗಳ ಮೇಲೆ ಅದೇ ದೇಶದ ಹೆಸರಿರುತ್ತದೆ. ಬಾಗಿಲು ಮುಚ್ಚಿದ್ದು ಒಂದು. ಸರಕು ಬಂದ ದಾರಿಗಳು ಹಲವು. ಇಲ್ಲಿ ತಯಾರಾಗದ ವಸ್ತು ಸುಂಕ ಕಟ್ಟಿಯಾದರೂ ಬಂದೇ ಬರುತ್ತದೆ.

ಕಾರ್ಕಳ, ಹೆಬ್ರಿ ಕಡೆಯ ಅಡಿಕೆ ಬೆಳೆಗಾರರ ಅನುಭವವೂ ಇದಕ್ಕಿಂತ ಬೇರೆಯಲ್ಲ. ಅಡಿಕೆಯ ಆಮದಿಗೆ ಭಾರೀ ಸುಂಕವಿದೆ. ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಆದರೂ ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಅಡಿಕೆ ಬರುವ ಸುದ್ದಿ ನಿಂತಿಲ್ಲ. ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಹೆಸರು ಹೊತ್ತು ಕಡಿಮೆ ಸುಂಕದಲ್ಲಿ ಬರುತ್ತಿದೆ ಎಂಬ ದೂರು ಹೆಚ್ಚಿದಾಗ 2017ರ ಡಿಸೆಂಬರಿನಲ್ಲಿ ಅದಕ್ಕೂ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಬೇಕಾಯಿತು. ಬೇಲಿ ಎತ್ತರವಾದಷ್ಟೂ ಬೇಲಿ ನುಸುಳುವವನ ಲಾಭವೂ ಹೆಚ್ಚುತ್ತದೆ.

ಈಗ ಆ ತಾಯಿಯ ಗೇರುಬೀಜಕ್ಕೆ ಬರೋಣ. 2019ರ ಜೂನ್‌ನಲ್ಲೇ, ಅಂದರೆ ಒಕ್ಕೂಟದಿಂದ ಎದ್ದು ಬರುವ ಮೊದಲೇ, ಆಮದಾಗುವ ಇಡೀ ತಿರುಳಿಗೆ ಕಿಲೋಗೆ 720, ತುಂಡು ತಿರುಳಿಗೆ 680 ರೂಪಾಯಿ ಕನಿಷ್ಠ ಬೆಲೆ ನಿಗದಿಯಾಯಿತು. ಮರುತಿಂಗಳ ಬಜೆಟ್ಟಿನಲ್ಲಿ ತಿರುಳಿನ ಸುಂಕ ಶೇಕಡಾ 45ರಿಂದ 70ಕ್ಕೆ ಏರಿತು. ಗೋಡೆ ಸಾಕಷ್ಟು ಎತ್ತರವೇ ಇದೆ. ಹಾಗಾದರೆ ಕೆಲಸ ಏಕೆ ಕಡಿಮೆಯಾಯಿತು? ನಮ್ಮ ಕಾರ್ಖಾನೆಗಳಿಗೆ ಬೇಕಾದಷ್ಟು ಬೀಜ ನಮ್ಮ ಗುಡ್ಡಗಳಲ್ಲಿ ಬೆಳೆಯುವುದಿಲ್ಲ. ಐವರಿ ಕೋಸ್ಟ್, ಬೆನಿನ್, ಘಾನಾ, ತಾಂಜಾನಿಯಾಗಳಿಂದ ಹಡಗಿನಲ್ಲಿ ಬರಬೇಕು. ಅದೇ ಬೀಜವನ್ನು ಅದೇ ಬಂದರುಗಳಲ್ಲಿ ವಿಯೆಟ್ನಾಮಿನವರೂ ಕೊಳ್ಳುತ್ತಾರೆ. ಬೀಜ ಒಡೆಯಲು, ಸಿಪ್ಪೆ ಬಿಡಿಸಲು ಅವರು ಬಹಳ ಬೇಗ ಯಂತ್ರ ತಂದುಕೊಂಡರು. ಹಾಗಾಗಿ ಕಚ್ಚಾ ಬೀಜಕ್ಕೆ ಒಂದು ಬಿಡಿಗಾಸು ಹೆಚ್ಚು ಕೊಟ್ಟರೂ ಅವರಿಗೆ ಗಿಟ್ಟುತ್ತದೆ. ಆಫ್ರಿಕಾದ ದೇಶಗಳೂ ಈಗ ತಮ್ಮಲ್ಲೇ ಕಾರ್ಖಾನೆ ಕಟ್ಟುತ್ತಿವೆ. ಈ ಪೈಪೋಟಿ ನಡೆಯುತ್ತಿರುವುದು ನಮ್ಮ ಸುಂಕದ ಗೋಡೆಯ ಆಚೆ. ದೆಹಲಿಯಲ್ಲಿ ಕುಳಿತು ಎಷ್ಟು ಸುಂಕ ಹಾಕಿದರೂ ಅದು ಅಲ್ಲಿಗೆ ತಲುಪುವುದಿಲ್ಲ.

ಒಕ್ಕೂಟದ ಒಳಗಿದ್ದು ನಿಜಕ್ಕೂ ಹೊರಹೋದ ದೇಶವೆಂದರೆ ಬ್ರಿಟನ್. 2016ರ ಜನಮತದ ನಂತರ 2020ರ ಜನವರಿ 31ರಂದು ಅದು ಯುರೋಪಿಯನ್ ಒಕ್ಕೂಟವನ್ನು ಬಿಟ್ಟಿತು. ಆ ವರ್ಷದ ಕೊನೆಗೆ ಹೊಸ ನಿಯಮಗಳು ಬಂದವು. ಸುಂಕವಂತೂ ಬಹುತೇಕ ಬೀಳಲಿಲ್ಲ. ಬಿದ್ದದ್ದು ಕಾಗದಪತ್ರದ ಹೊರೆ. ಚೀಸ್ ಅಥವಾ ಮಾಂಸದ ಸಣ್ಣ ಕಟ್ಟನ್ನು ಫ್ರಾನ್ಸಿಗೆ ಕಳಿಸಲೂ ಆರೋಗ್ಯ ಪ್ರಮಾಣಪತ್ರ, ಮೂಲದ ಪ್ರಮಾಣಪತ್ರ, ಸುಂಕದ ಕಟ್ಟೆಯ ನಮೂನೆಗಳು ಬೇಕಾದವು. ದೊಡ್ಡ ಕಂಪೆನಿಗಳು ಅದಕ್ಕೆಂದೇ ನೌಕರರನ್ನು ನೇಮಿಸಿಕೊಂಡು ವ್ಯಾಪಾರ ಮುಂದುವರಿಸಿದವು. ಸಾವಿರಾರು ಸಣ್ಣ ಸಂಸ್ಥೆಗಳು ಯುರೋಪಿಗೆ ಮಾರುವುದನ್ನೇ ಬಿಟ್ಟವು. ಒಕ್ಕೂಟಕ್ಕೆ ಸೇರುವಾಗಲೂ ಬಿಡುವಾಗಲೂ ಮೊದಲು ನೋಯುವವನು ಸಣ್ಣವನೇ. ಅವನಲ್ಲಿ ಲೆಕ್ಕ ಬರೆಯುವವನೂ ಇಲ್ಲ, ಆರು ತಿಂಗಳು ಕಾಯುವ ಬಂಡವಾಳವೂ ಇಲ್ಲ.

ಸಹೋದರರೇ, ನನ್ನ ಅಭಿಪ್ರಾಯವನ್ನು ಇಷ್ಟರಲ್ಲೇ ಹೇಳಬಹುದು: ಗೋಡೆ ಸಮಯ ಕೊಡುತ್ತದೆ, ಶಕ್ತಿ ಕೊಡುವುದಿಲ್ಲ. 2019ರಲ್ಲಿ ನಮಗೆ ಸಮಯ ಸಿಕ್ಕಿತು. ಆ ಸಮಯದಲ್ಲಿ ಸಣ್ಣ ಉದ್ದಿಮೆಗೆ ಯಂತ್ರ, ಸುಲಭ ಸಾಲ, ತರಬೇತಿ, ಪರೀಕ್ಷಾಲಯ ಒದಗಿಸುವುದು ಸರಕಾರದ ಹೊಣೆಯಾಗಿತ್ತು. ಅದು ಆಗಬೇಕಾದಷ್ಟು ಆಗಲಿಲ್ಲ. ನೋಟು ರದ್ದತಿ ಮತ್ತು ಜಿಎಸ್‌ಟಿಯ ಏಟಿನಿಂದ ಎದ್ದು ನಿಲ್ಲುವ ಮೊದಲೇ ಕೊರೋನಾ ಬಂತು.

ಇದಕ್ಕಿಂತ ನೋವಿನ ಇನ್ನೊಂದು ಸಂಗತಿಯಿದೆ. ದೇಶದ ಗಡಿಯಲ್ಲಿ ಗೋಡೆ ಕಟ್ಟಿದ ನಾವು ಊರಿನ ಸಂತೆಯ ನಡುವೆಯೂ ಗೋಡೆ ಕಟ್ಟಿದೆವು. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಸಿಗಲಿಲ್ಲ. ಆಗಿನ ಸರಕಾರ 2002ರ ನಿಯಮವೊಂದನ್ನು ವಿಧಾನಸಭೆಯಲ್ಲಿ ಮುಂದಿಟ್ಟು ಕೈತೊಳೆದುಕೊಂಡಿತು. ಕಾಪುವಿನ ಪಕ್ಕದ ಮೂಲ್ಕಿಯಲ್ಲಿ ಬಪ್ಪನಾಡು ಕ್ಷೇತ್ರದ ಹೆಸರಿನೊಂದಿಗೇ ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ಐತಿಹ್ಯ ಬೆಸೆದುಕೊಂಡಿದೆ. ಅಂಥ ಕರಾವಳಿಯಲ್ಲಿ ಬಳೆ, ಆಟಿಕೆ, ಬಲೂನು ಮಾರುವವನು ತನ್ನದೇ ಊರಿನ ಮಾರುಕಟ್ಟೆಯಿಂದ ಹೊರಗಾದ. ಚೀನಾದ ಬೊಂಬೆ ಜಾತ್ರೆಗೆ ಬರಬಹುದು, ಅದನ್ನು ಮಾರುವ ನೆರೆಮನೆಯವನು ಬರಬಾರದು ಎಂದರೆ ಅದು ಯಾವ ಸ್ವದೇಶಿ? ಇದನ್ನು ಬಹಿರಂಗವಾಗಿ ವಿರೋಧಿಸಿದ ಹಿಂದೂ ಸಹೋದರರೂ ಇದ್ದರು. ಆಗಿನ ಆಡಳಿತ ಪಕ್ಷದ ಶಾಸಕರಲ್ಲೇ ಒಬ್ಬಿಬ್ಬರು ದನಿಯೆತ್ತಿದರು. ಅದನ್ನು ನಾವು ಮರೆಯಬಾರದು.

ಇದಕ್ಕೆ ನಮ್ಮ ಉತ್ತರವೇನು? 'ನಮ್ಮವರ ಅಂಗಡಿಯಲ್ಲಿ ಮಾತ್ರ ಕೊಳ್ಳಿ' ಎಂಬ ಸಂದೇಶಗಳು ನಮ್ಮ ಮೊಬೈಲುಗಳಿಗೂ ಬರುತ್ತವೆ. ಅದು ಅದೇ ಗೋಡೆಯ ಇನ್ನೊಂದು ಮಗ್ಗುಲು. ಮಕ್ಕಾದ ಕುರೈಶರು ಪ್ರವಾದಿವರ್ಯರ(ಸ) ಕುಟುಂಬದೊಂದಿಗೆ ಕೊಡುಕೊಳ್ಳುವಿಕೆ ಕೂಡದೆಂದು ಕರಾರು ಬರೆದು ಮೂರು ವರ್ಷ ಅವರನ್ನು ಅಬೂತಾಲಿಬ್ ಕಣಿವೆಯಲ್ಲಿ ಹಸಿವಿಗೆ ದೂಡಿದ್ದರು. ಮುಂದೊಂದು ದಿನ ಯಮಾಮದ ನಾಯಕ ಸುಮಾಮ(ರ) ಇಸ್ಲಾಮ್ ಸ್ವೀಕರಿಸಿ ಮಕ್ಕಾಕ್ಕೆ ಧಾನ್ಯ ಹೋಗದಂತೆ ತಡೆದರು. ಕುರೈಶರು ಪ್ರವಾದಿವರ್ಯರಲ್ಲಿ(ಸ) ಮೊರೆಯಿಟ್ಟರು. ಸೇಡು ತೀರಿಸಲು ಅದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಆದರೆ ಧಾನ್ಯವನ್ನು ಬಿಡುವಂತೆ ಅವರು ಸುಮಾಮರಿಗೆ ಹೇಳಿ ಕಳುಹಿಸಿದರು. ನಮ್ಮ ಆರ್ಥಿಕ ನೀತಿಗೆ ಈ ಘಟನೆಯೇ ದಾರಿದೀಪವಾಗಬೇಕು. ಬಹಿಷ್ಕಾರವನ್ನು ಕಾನೂನಿನ ದಾರಿಯಲ್ಲಿ ಪ್ರಶ್ನಿಸೋಣ, ಪ್ರತಿ ಬಹಿಷ್ಕಾರದ ಮಾತು ಬೇಡ.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲವು ಕೆಲಸಗಳು. ಮೊದಲನೆಯದು ಲೆಕ್ಕ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡುವ ಬಗ್ಗೆ. ಆದರೆ ನಮ್ಮ ಎಷ್ಟು ಅಂಗಡಿಗಳಲ್ಲಿ ಪುಸ್ತಕವಿದೆ? 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಹಲವರು ಹೆದರಿ ಕ್ಯೂಆರ್ ಫಲಕವನ್ನೇ ಕಿತ್ತುಹಾಕಿದರು. ಲೆಕ್ಕ ಇಟ್ಟವನು ಧೈರ್ಯದಿಂದ ಉತ್ತರ ಕೊಡಬಲ್ಲ. ಲೆಕ್ಕವಿಲ್ಲದವನಿಗೆ ಬ್ಯಾಂಕಿನ ಸಾಲವೂ ಇಲ್ಲ, ಸರಕಾರದ ನೆರವೂ ಇಲ್ಲ.

ಎರಡನೆಯದು ಬಂಡವಾಳ. ಈ ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಎಲ್ಲ ಸಮುದಾಯದವರನ್ನು ಸೇರಿಸಿಕೊಂಡು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ಇಲ್ಲೇ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದು ಬಡವರಿಂದ ದಿನಕ್ಕೆ ಎರಡಾಣೆ ಸಂಗ್ರಹಿಸಿತು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬಡ್ಡಿಯ ವಿಷಯದಲ್ಲಿ ನಮ್ಮ ನಿಲುವು ಬೇರೆ. ಆದರೆ ಹನಿಗೂಡಿಸುವ ಆ ಪಾಠ ನಮ್ಮ ಊರಿನದೇ. ಒಂದು ರಾತ್ರಿಯ ಮದುವೆ ಮಂಟಪಕ್ಕೆ, ವರದಕ್ಷಿಣೆಗೆ ಸುರಿಯುವ ಹಣ ಬಡ್ಡಿರಹಿತ ಸಹಕಾರ ಸಂಘಕ್ಕೆ ಬಂದರೆ ಪ್ರತಿ ಜಮಾಅತಿನಲ್ಲೂ ವರ್ಷಕ್ಕೆ ಕೆಲವು ಅಂಗಡಿಗಳು ಎದ್ದು ನಿಲ್ಲುತ್ತವೆ. ಮಗಳ ಮದುವೆಗಾಗಿ ಅಂಗಡಿ ಮಾರಿದ ತಂದೆಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕೆ ವಿಯೆಟ್ನಾಂ ಕಾರಣವಲ್ಲ.

ಮೂರನೆಯದು ಒಗ್ಗಟ್ಟು ಮತ್ತು ಗುಣಮಟ್ಟ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಸಣ್ಣ ಬೇಕರಿ, ಒಣಮೀನು, ಸಿದ್ಧ ಉಡುಪು, ಗೇರುಬೀಜದವರು ಧರ್ಮದ ಎಲ್ಲೆ ಮೀರಿ ಹಾಗೆ ಏಕೆ ಸೇರಬಾರದು? ಒಬ್ಬನಿಗೆ ಎಟುಕದ ಯಂತ್ರ ಹತ್ತು ಮಂದಿಗೆ ಎಟುಕುತ್ತದೆ. ಯುಎಇಯೊಂದಿಗಿನ ಭಾರತದ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ; ಬ್ರಿಟನ್ನಿನೊಂದಿಗೆ 2025ರ ಜುಲೈಯಲ್ಲಿ ಸಹಿಯಾಗಿದೆ. ದುಬೈ, ಶಾರ್ಜಾದಲ್ಲಿ ನಮ್ಮ ಮನೆಮಕ್ಕಳೇ ಇದ್ದಾರೆ. ಇಷ್ಟು ವರ್ಷ ಅಲ್ಲಿಗೆ ನಮ್ಮ ಹುಡುಗರನ್ನು ಕಳಿಸಿದೆವು. ಇನ್ನು ನಮ್ಮ ಸರಕನ್ನೂ ಕಳಿಸೋಣ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ವಿಯೆಟ್ನಾಂ ದೂರದಲ್ಲಿದೆ. ಅವರ ಯಂತ್ರ ಮಾತ್ರ ನಿಮ್ಮ ಪಕ್ಕದಲ್ಲೇ ಬಂದು ಕುಳಿತಿದೆ." ಅವರು ನಕ್ಕು, "ಹಾಗಾದರೆ ಆ ಯಂತ್ರ ನಡೆಸುವುದನ್ನು ನನ್ನ ಮಗಳಿಗೆ ಕಲಿಸಿ" ಎಂದರು. ನನ್ನ ಇಡೀ ಭಾಷಣಕ್ಕಿಂತ ಆ ಒಂದು ಮಾತು ಮೇಲು. ಮುಚ್ಚಿದ ಬಾಗಿಲ ಹಿಂದೆ ಸಿಕ್ಕ ಸಮಯ ಶಾಶ್ವತವಲ್ಲ. ಅದು ಮುಗಿಯುವ ಮೊದಲು ನಮ್ಮ ಮಕ್ಕಳ ಕೈಗೆ ಕಸುಬು, ನಮ್ಮ ಅಂಗಡಿಗೆ ಲೆಕ್ಕ, ನಮ್ಮ ತಕ್ಕಡಿಗೆ ನ್ಯಾಯ ಬರಲಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.